ಹೊಸದನ್ನು ಹೇಳುವ ಧೈರ್ಯ: ನಾಯಕನ ನಡೆ, ಕೆಲಸದ ಭದ್ರತೆ ಮತ್ತು ನೌಕರನ ಹೊಸತನ

1950ರಲ್ಲಿ ಜಪಾನಿನ ಟೊಯೋಟಾ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಜನರನ್ನು ಕಡಿಮೆ ಮಾಡಿದರೆ ಮಾತ್ರ ಸಾಲ ಎಂದು ಬ್ಯಾಂಕುಗಳು ಪಟ್ಟು ಹಿಡಿದವು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಮೊದಲು ಕೊಟ್ಟಿದ್ದ ಮಾತನ್ನು ಆಡಳಿತ ಮುರಿಯಿತು. ಸುಮಾರು ಎರಡು ತಿಂಗಳು ಮುಷ್ಕರ ನಡೆದು, ಎರಡು ಸಾವಿರದಷ್ಟು ಜನ ಕಂಪನಿ ಬಿಟ್ಟರು. ಸ್ಥಾಪಕ ಕಿಯಿಚಿರೊ ಟೊಯೋಡಾ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮರುವರ್ಷ ಅದೇ ಕಂಪನಿ ಕಾರ್ಮಿಕರಿಂದ ಹೊಸ ಯೋಚನೆಗಳನ್ನು ಕೇಳಿ ಪಡೆಯುವ ಯೋಜನೆಯೊಂದನ್ನು ಶುರುಮಾಡಿತು. ಕಿಯಿಚಿರೊ ಅವರ ಸೋದರಸಂಬಂಧಿ ಏಜಿ ಟೊಯೋಡಾ ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ನೋಡಿಬಂದಿದ್ದ ಪದ್ಧತಿ ಅದು. ಕೆಲಸ ಮಾಡುವವನೇ ತನ್ನ ಕೆಲಸವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ತಿದ್ದುತ್ತ ಹೋಗುವ ಆ ರೂಢಿಯನ್ನು ಮುಂದೆ ಜಗತ್ತು ‘ಕೈಜೆನ್’ ಎಂಬ ಹೆಸರಿನಲ್ಲಿ ಕಲಿಯಿತು.

ಅದು ಅಲ್ಲಿ ಬೇರೂರಿದ್ದು ಯಾಕೆ? ಮೇಲಿನವರು ಕೆಳಗಿನವರ ಮಾತನ್ನು ಕಿವಿಗೊಟ್ಟು ಕೇಳಿದರು, ಅದಕ್ಕೆ ಎನ್ನುತ್ತಾರೆ ಕೆಲವರು. ಆ ಜಗಳದ ನಂತರ ಉಳಿದವರಿಗೆ ಇನ್ನು ನಿವೃತ್ತಿಯ ತನಕ ಕೆಲಸ ಹೋಗುವುದಿಲ್ಲ ಎಂಬ ನಂಬಿಕೆ ಸಿಕ್ಕಿತು, ಅದಕ್ಕೆ ಎನ್ನುತ್ತಾರೆ ಇನ್ನು ಕೆಲವರು. ನಾಯಕತ್ವದ ರೀತಿ ದೊಡ್ಡದೋ, ಕೆಲಸದ ಭದ್ರತೆ ದೊಡ್ಡದೋ ಎಂಬ ಈ ವಾದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಮನಶ್ಶಾಸ್ತ್ರಜ್ಞರು, ಆಡಳಿತ ತಜ್ಞರು, ಅರ್ಥಶಾಸ್ತ್ರಜ್ಞರು ತಂತಮ್ಮ ಕೋಣೆಗಳಲ್ಲಿ ಕುಳಿತು ಇದನ್ನು ಚರ್ಚಿಸಿದ್ದಾರೆ. ಒಬ್ಬರು ಇನ್ನೊಬ್ಬರನ್ನು ಓದಿದ್ದು ಕಡಿಮೆ.

ಯೋಚನೆ ಯಾರ ಪಾಲಿನದು?

ಫ್ರೆಡರಿಕ್ ಟೇಲರ್ 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆಯ ತತ್ವಗಳು’ ಎಂಬ ಪುಸ್ತಕ ಪ್ರಕಟಿಸಿದರು. ಯೋಚಿಸುವುದು ಯೋಜನಾ ವಿಭಾಗದ ಕೆಲಸ, ಕಾರ್ಮಿಕ ಹೇಳಿದಂತೆ ಮಾಡಬೇಕು ಎಂಬ ಸಿದ್ಧಾಂತಕ್ಕೆ ಅವರ ಹೆಸರು ಅಂಟಿಕೊಂಡಿದೆ. ಅವರು ಶುರುಮಾಡಿದ ಜಾಗವನ್ನು ಮಾತ್ರ ನಾವು ಮರೆಯುತ್ತೇವೆ. ಕಾರ್ಮಿಕರು ಬೇಕೆಂದೇ ನಿಧಾನ ಕೆಲಸ ಮಾಡುತ್ತಾರೆ, ತಮಗೆ ಗೊತ್ತಿರುವ ವೇಗದ ವಿಧಾನವನ್ನು ಮುಚ್ಚಿಡುತ್ತಾರೆ ಎಂಬುದನ್ನು ಟೇಲರ್ ಕಣ್ಣಾರೆ ಕಂಡಿದ್ದರು. ಅದಕ್ಕೆ ಅವರು ಕೊಟ್ಟ ಮೊದಲ ಕಾರಣವೇ, ಉತ್ಪಾದನೆ ಹೆಚ್ಚಿದರೆ ನಮ್ಮಲ್ಲೇ ಕೆಲವರ ಕೆಲಸ ಹೋಗುತ್ತದೆ ಎಂಬ ಕಾರ್ಮಿಕರ ಭಯ. ಆ ಭಯ ತಪ್ಪು ತಿಳಿವಳಿಕೆ ಎಂದು ಅವರು ವಾದಿಸಿದರು. ಆದರೂ ರೋಗವನ್ನು ಗುರುತಿಸಿದ ಮಟ್ಟಿಗೆ ಅವರು ಸರಿಯಾಗಿದ್ದರು: ಕಾರ್ಮಿಕನಿಗೆ ಹೊಸ ಉಪಾಯ ಗೊತ್ತು, ಹೇಳಿದರೆ ತನಗೇ ಕುತ್ತು ಎಂದೂ ಗೊತ್ತು. ಇದಕ್ಕೆ ಅವರು ಆರಿಸಿದ ಔಷಧ ನಿಯಂತ್ರಣ. ಉಪಾಯವನ್ನು ಕಾರ್ಮಿಕನಿಂದ ಕಿತ್ತುಕೊಂಡು ಎಂಜಿನಿಯರನ ಕೈಗೆ ಕೊಡುವುದು.

ಅದೇ ಕಾಲದಲ್ಲಿ ಜೋಸೆಫ್ ಶುಂಪೀಟರ್ ಹೊಸತನವನ್ನು ಉದ್ಯಮಿಯ ಸಾಹಸವೆಂದು ಬರೆಯುತ್ತಿದ್ದರು. 1942ರ ಪುಸ್ತಕದ ಹೊತ್ತಿಗೆ ಅವರೇ ಮಾತು ಬದಲಿಸಿದರು. ಹೊಸತನ ಇನ್ನು ಮುಂದೆ ದೊಡ್ಡ ಕಂಪನಿಗಳಲ್ಲಿ ಸಂಬಳಕ್ಕಿರುವ ತಜ್ಞರ ದಿನಚರಿ ಎಂದರು. ಹೊಸತನದ ಪ್ರಶ್ನೆ ನೌಕರನ ಪ್ರಶ್ನೆಯಾದದ್ದು ಅಲ್ಲಿಂದ.

ನಾಯಕತ್ವದ ರೀತಿಗಳನ್ನು ಪ್ರಯೋಗಕ್ಕೆ ಒಡ್ಡಿದ ಮೊದಲಿಗರಲ್ಲಿ ಕರ್ಟ್ ಲೆವಿನ್ ಮುಖ್ಯರು. ಹಿಟ್ಲರನ ಜರ್ಮನಿಯಿಂದ ಅಮೆರಿಕಕ್ಕೆ ಬಂದು ನೆಲೆಸಿದ ಈ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರಾದ ಲಿಪಿಟ್ ಮತ್ತು ವೈಟ್ ಜತೆಗೂಡಿ ಅಯೋವಾದಲ್ಲಿ ಹತ್ತು ಹನ್ನೊಂದು ವರ್ಷದ ಹುಡುಗರ ಚಟುವಟಿಕೆ ಕೂಟಗಳನ್ನು ಕಟ್ಟಿದರು. ಕೆಲವಕ್ಕೆ ದರ್ಪದ ನಾಯಕ, ಕೆಲವಕ್ಕೆ ಎಲ್ಲರನ್ನೂ ಕೇಳಿ ನಡೆಯುವ ನಾಯಕ, ಕೆಲವಕ್ಕೆ ಏನೂ ಹೇಳದೆ ಸುಮ್ಮನಿರುವ ನಾಯಕ. ಇದರ ಫಲಿತಾಂಶ 1939ರಲ್ಲಿ ಪ್ರಕಟವಾಯಿತು. ದರ್ಪದ ನಾಯಕ ಎದುರಿಗಿದ್ದಾಗ ಕೆಲಸ ಜೋರಾಗಿ ಸಾಗುತ್ತಿತ್ತು, ಅವನು ಹೊರಗೆ ಹೋದೊಡನೆ ಕುಸಿಯುತ್ತಿತ್ತು. ಕೇಳಿ ನಡೆಯುವ ನಾಯಕನ ಕೂಟದಲ್ಲಿ ಅವನಿದ್ದರೂ ಇಲ್ಲದಿದ್ದರೂ ಕೆಲಸ ನಡೆಯುತ್ತಿತ್ತು, ಸ್ವಂತಿಕೆಯೂ ಹೆಚ್ಚಿತ್ತು. ಮುಂದಿನ ಎಷ್ಟೋ ದಶಕಗಳ ನಾಯಕತ್ವ ಸಾಹಿತ್ಯಕ್ಕೆ ಈ ಪ್ರಯೋಗವೇ ತಳಪಾಯ. ಆದರೆ ಆ ಕೂಟದಿಂದ ಯಾವ ಹುಡುಗನನ್ನೂ ಸಂಬಳ ನಿಲ್ಲಿಸಿ ಮನೆಗೆ ಕಳಿಸುವಂತಿರಲಿಲ್ಲ. ಭದ್ರತೆಯ ಪ್ರಶ್ನೆ ಪ್ರಯೋಗದೊಳಗೆ ಬರಲೇ ಇಲ್ಲ. ನಾಯಕತ್ವದ ಅಧ್ಯಯನಗಳು ಈ ಕೊರತೆಯನ್ನು ಬಹುಕಾಲ ಹೊತ್ತುಕೊಂಡೇ ನಡೆದವು.

ನಾಯಕನೇ ಮುಖ್ಯ ಎನ್ನುವವರು

1978ರಲ್ಲಿ ಇತಿಹಾಸಕಾರ ಜೇಮ್ಸ್ ಮೆಗ್ರೆಗರ್ ಬರ್ನ್ಸ್ ನಾಯಕರನ್ನು ಎರಡು ಬಗೆ ಮಾಡಿದರು. ಕೆಲಸಕ್ಕೆ ತಕ್ಕ ಪ್ರತಿಫಲ ಎಂಬ ಲೆಕ್ಕಾಚಾರದ ನಾಯಕ ಒಂದು ಬಗೆ. ಜನರ ಗುರಿಯನ್ನೇ ಎತ್ತರಿಸಿ ಅವರನ್ನು ಬದಲಿಸುವ ನಾಯಕ ಇನ್ನೊಂದು. ರಾಜಕೀಯ ನಾಯಕರನ್ನು ಕುರಿತ ಈ ಮಾತನ್ನು ಬರ್ನಾರ್ಡ್ ಬಾಸ್ 1985ರಲ್ಲಿ ಕಂಪನಿಗಳಿಗೆ ತಂದರು, ಅಳೆಯುವ ಪ್ರಶ್ನಾವಳಿಯನ್ನೂ ಕಟ್ಟಿದರು. ಪರಿವರ್ತನಾಶೀಲ ನಾಯಕನ ಕೈಕೆಳಗೆ ನೌಕರರು ಹೆಚ್ಚು ಹೊಸದನ್ನು ಯೋಚಿಸುತ್ತಾರೆ ಎಂದು ತೋರಿಸುವ ಅಧ್ಯಯನಗಳು ಆಮೇಲೆ ರಾಶಿ ರಾಶಿಯಾಗಿ ಬಂದವು. 1994ರಲ್ಲಿ ಸ್ಕಾಟ್ ಮತ್ತು ಬ್ರೂಸ್ ಒಂದು ದೊಡ್ಡ ಕಂಪನಿಯ ಸಂಶೋಧನಾ ವಿಭಾಗವನ್ನು ಅಭ್ಯಾಸ ಮಾಡಿ, ಮೇಲಧಿಕಾರಿಗೂ ನೌಕರನಿಗೂ ನಡುವಿನ ಸಂಬಂಧ ಮತ್ತು ಇವನಿಂದ ಹೊಸದು ಬರುತ್ತದೆ ಎಂಬ ಮೇಲಧಿಕಾರಿಯ ನಿರೀಕ್ಷೆ, ಎರಡೂ ಹೊಸತನದೊಡನೆ ಬೆಸೆದುಕೊಂಡಿವೆ ಎಂದರು.

ನಮ್ಮ ದೇಶದಿಂದಲೂ ಒಂದು ಗಟ್ಟಿ ಮಾತು ಬಂದಿದೆ. ಪಟ್ನಾದಲ್ಲಿದ್ದ ಮನಶ್ಶಾಸ್ತ್ರಜ್ಞ ಜೆ.ಬಿ.ಪಿ. ಸಿನ್ಹಾ 1980ರಲ್ಲಿ, ಭಾರತದ ಕಚೇರಿ ಕಾರ್ಖಾನೆಗಳಲ್ಲಿ ಪಶ್ಚಿಮದ ‘ಎಲ್ಲರೂ ಸಮಾನ’ ಮಾದರಿ ಒಮ್ಮೆಲೇ ನಡೆಯುವುದಿಲ್ಲ ಎಂದು ವಾದಿಸಿದರು. ಇಲ್ಲಿನ ನೌಕರ ಮೇಲಿನವರಲ್ಲಿ ಹಿರಿಯರ ಅಕ್ಕರೆಯನ್ನು ಹುಡುಕುತ್ತಾನೆ. ಅಕ್ಕರೆ ಇರಬೇಕು, ಅದು ಕೆಲಸ ಮಾಡಿದವನಿಗೇ ಸಿಗುವಂತಿರಬೇಕು. ಹಾಗೆ ಬೆಳೆದ ನೌಕರ ಮುಂದೆ ತಾನೇ ನಿರ್ಧಾರದಲ್ಲಿ ಪಾಲು ಕೇಳುತ್ತಾನೆ. ಸಿನ್ಹಾ ಅವರ ಈ ‘ಪೋಷಿಸುತ್ತಲೇ ದುಡಿಸುವ ನಾಯಕ’ ನಮ್ಮ ಬ್ಯಾಂಕುಗಳಲ್ಲಿ, ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದ ಹಿರಿಯ ತಲೆಮಾರಿಗೆ ಪರಿಚಿತ ವ್ಯಕ್ತಿ. ಈ ಅಕ್ಕರೆ ಎಲ್ಲಿ ಹೊಗಳುಭಟರ ಕೂಟವಾಗಿ ತಿರುಗುತ್ತದೋ ಎಂಬ ಅಪಾಯ ಸಿನ್ಹಾ ಅವರಿಗೂ ಗೊತ್ತಿತ್ತು. ಅದಕ್ಕೇ ಅವರು ಕೆಲಸದ ಷರತ್ತನ್ನು ಬಿಡಲಿಲ್ಲ.

ಈ ಪಂಥದೊಳಗಿನಿಂದಲೇ ತಿದ್ದುಪಡಿಗಳೂ ಬಂದವು. 2011ರಲ್ಲಿ ರೋಸಿಂಗ್, ಫ್ರೆಸೆ ಮತ್ತು ಬೌಶ್ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಫಲಿತಾಂಶಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೊಸತನಕ್ಕೆ ಒಂದೇ ನಾಯಕತ್ವ ಸಾಲದು ಎಂಬುದು ಅವರ ತೀರ್ಮಾನ: ಯೋಚನೆ ಹುಟ್ಟುವಾಗ ಬಾಗಿಲು ತೆರೆಯಬೇಕು, ಅದನ್ನು ಕಾರ್ಯಕ್ಕೆ ತರುವಾಗ ಗಡುವು ಹಾಕಿ ಬಿಗಿಹಿಡಿಯಬೇಕು. ಎರಡು ವರ್ಷದ ನಂತರ ವಾನ್ ಕ್ನಿಪ್ಪೆನ್‌ಬರ್ಗ್ ಮತ್ತು ಸಿಟ್ಕಿನ್ ಇನ್ನೂ ಕಟುವಾಗಿ ಬರೆದರು. ಪರಿವರ್ತನಾಶೀಲ ನಾಯಕತ್ವದ ವ್ಯಾಖ್ಯೆಯೊಳಗೇ ಅದರ ಫಲವೂ ಸೇರಿಹೋಗಿದೆ, ಸ್ಫೂರ್ತಿ ಕೊಟ್ಟವನೇ ನಾಯಕ ಎಂದು ಹೇಳಿದ ಮೇಲೆ ನಾಯಕನಿಂದ ಸ್ಫೂರ್ತಿ ಬಂತು ಎಂದು ಸಾಧಿಸಲು ಏನು ಉಳಿಯಿತು ಎಂಬುದು ಅವರ ಪ್ರಶ್ನೆ. ಈ ಟೀಕೆಗೆ ಸಮರ್ಪಕ ಉತ್ತರ ಬಂದಂತೆ ನನಗೆ ಕಾಣುವುದಿಲ್ಲ.

ಭಯ ಏನು ಮಾಡುತ್ತದೆ?

ಇನ್ನೊಂದು ಪಂಥ ನಾಯಕನ ಮುಖ ನೋಡುವುದನ್ನು ಬಿಟ್ಟು ನೌಕರನ ನಿದ್ದೆಗೆಟ್ಟ ರಾತ್ರಿಗಳ ಕಡೆ ನೋಡಿತು. 1981ರಲ್ಲಿ ಸ್ಟಾ, ಸ್ಯಾಂಡಲೆಂಡ್ಸ್ ಮತ್ತು ಡಟನ್, ಬೆದರಿಕೆ ಎದುರಾದಾಗ ಮನುಷ್ಯರೂ ಸಂಸ್ಥೆಗಳೂ ಹಳೆಯ, ಅಭ್ಯಾಸವಾದ ದಾರಿಗೇ ಅಂಟಿಕೊಳ್ಳುತ್ತಾರೆ ಎಂದು ಪ್ರತಿಪಾದಿಸಿದರು. 1984ರಲ್ಲಿ ಗ್ರೀನ್‌ಹಾಲ್ ಮತ್ತು ರೋಸೆನ್‌ಬ್ಲಾಟ್ ಕೆಲಸದ ಅಭದ್ರತೆಗೆ ಮೊದಲ ಸ್ಪಷ್ಟ ಚೌಕಟ್ಟು ಕೊಟ್ಟರು: ಕೆಲಸ ಹೋಗುತ್ತದೆಂಬ ಆತಂಕ ಮತ್ತು ಅದನ್ನು ತಡೆಯಲು ತನ್ನ ಕೈಯಲ್ಲಿ ಏನೂ ಇಲ್ಲವೆಂಬ ಅಸಹಾಯಕತೆ, ಎರಡೂ ಸೇರಿದ್ದು. ಮುಂದೆ ಸ್ವೀಡನ್ನಿನ ಸಂಶೋಧಕರು ಇನ್ನೊಂದು ಗೆರೆ ಎಳೆದರು. ಕೆಲಸವೇ ಹೋಗುವುದು ಒಂದು ಭಯ; ಕೆಲಸ ಉಳಿದರೂ ಬಡ್ತಿ, ಇಷ್ಟದ ಜವಾಬ್ದಾರಿ, ಮರ್ಯಾದೆ ಹೋಗುವುದು ಮತ್ತೊಂದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕುಳಿತವರಿಗೆ ಎರಡೂ ಗೊತ್ತು.

ತೆರೇಸಾ ಅಮಾಬಿಲೆ ಮತ್ತು ರೆಜಿನಾ ಕಾಂಟಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಂಥದ ಅತ್ಯಂತ ಬೆಲೆಬಾಳುವ ಕೆಲಸ ಎಂದು ನಾನು ಎಣಿಸುತ್ತೇನೆ. ದೊಡ್ಡ ತಂತ್ರಜ್ಞಾನ ಕಂಪನಿಯೊಂದು ಜನರನ್ನು ಕಡಿಮೆ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿ ಮುಗಿಸಿದ ಮೇಲೆ ಅವರು ಅಲ್ಲಿನ ವಾತಾವರಣವನ್ನು ಅಳೆದರು. ಹೊಸತನಕ್ಕೆ ಬೇಕಾದ ಹೆಚ್ಚಿನ ಅಂಶಗಳು ಕಡಿತದ ಕಾಲದಲ್ಲಿ ಬಿದ್ದವು, ಆಮೇಲೆ ಸ್ವಲ್ಪ ಮಾತ್ರ ಏರಿದವು. ಇನ್ನೂ ಕಡಿತ ಬರಲಿದೆ ಎಂಬ ನಿರೀಕ್ಷೆಯೇ ಹಾನಿ ಮಾಡುತ್ತದೆ ಎಂಬುದೂ ಕಂಡಿತು. 2007ರಲ್ಲಿ ತಾಹಿರಾ ಪ್ರೋಬ್ಸ್ಟ್ ಮತ್ತು ಸಂಗಡಿಗರು ಕೆಲಸ ಹೋಗುವ ಬೆದರಿಕೆಯನ್ನು ಪ್ರಯೋಗಾಲಯದಲ್ಲೇ ಹುಟ್ಟಿಸಿ ನೋಡಿದರು. ಬೆದರಿಕೆಯಡಿ ಇದ್ದವರ ಸೃಜನಶೀಲತೆ ಇಳಿಯಿತು, ಉತ್ಪಾದಕತೆ ಏರಿತು. ಅಂದರೆ ಭಯ ಹುಟ್ಟಿಸಿದ ಮ್ಯಾನೇಜರ್‌ಗೆ ಕಣ್ಣಿಗೆ ಕಾಣುವ ಲಾಭ ಆ ತಿಂಗಳೇ ಸಿಗುತ್ತದೆ. ನಷ್ಟವಾದದ್ದು, ಹುಟ್ಟಬಹುದಾಗಿದ್ದ ಒಂದು ಯೋಚನೆ. ಅದು ಯಾವ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ.

ಇದರ ಎದುರು ನಿಂತವರೂ ಸಣ್ಣವರಲ್ಲ. ಇಂಟೆಲ್‌ನ ಆಂಡಿ ಗ್ರೋವ್ 1996ರಲ್ಲಿ, ಸದಾ ಆತಂಕದಲ್ಲಿ ಇರುವವರೇ ಉಳಿಯುತ್ತಾರೆ ಎಂಬ ಅರ್ಥದ ಹೆಸರಿನ ಪುಸ್ತಕ ಬರೆದರು. ಜನರಲ್ ಎಲೆಕ್ಟ್ರಿಕ್‌ನ ಜಾಕ್ ವೆಲ್ಚ್ ಪ್ರತಿ ವರ್ಷ ತಳದ ಶೇ 10ರಷ್ಟು ಜನರನ್ನು ಹೊರಹಾಕುವ ಪದ್ಧತಿಯನ್ನು ಬಹಿರಂಗವಾಗಿ ಸಮರ್ಥಿಸಿದರು. ಅದರ ಸೋದರನಂತಿದ್ದ ಶ್ರೇಯಾಂಕ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ವೆಲ್ಚ್ ಗರಡಿಯಲ್ಲಿ ಪಳಗಿದ ಜೇಮ್ಸ್ ಮೆಕ್‌ನರ್ನಿ 2001ರಲ್ಲಿ ತ್ರೀಎಂ ಕಂಪನಿಯ ಮುಖ್ಯಸ್ಥರಾಗಿ ಬಂದದ್ದು ಇಲ್ಲಿ ಒಳ್ಳೆಯ ನಿದರ್ಶನ. ನೌಕರರು ತಮ್ಮ ಸಮಯದ ಶೇ 15ನ್ನು ಸ್ವಂತ ಯೋಚನೆಗಳಿಗೆ ಬಳಸಬಹುದು ಎಂಬ ರೂಢಿಯ ಕಂಪನಿ ಅದು. ಸ್ಪೆನ್ಸರ್ ಸಿಲ್ವರ್ 1968ರಲ್ಲಿ ತಯಾರಿಸಿದ, ಗಟ್ಟಿಯಾಗಿ ಅಂಟದ ಅಂಟು ಹನ್ನೆರಡು ವರ್ಷದ ನಂತರ ಪೋಸ್ಟ್-ಇಟ್ ಚೀಟಿಯಾಗಿ ಪೇಟೆಗೆ ಬಂದದ್ದು ಅಂಥ ಸಡಿಲಿನಲ್ಲಿ. ಮೆಕ್‌ನರ್ನಿ ಸುಮಾರು 8,000 ಜನರನ್ನು ಕಡಿಮೆ ಮಾಡಿದರು, ತಪ್ಪುಗಳನ್ನು ಅಳೆದು ಕಡಿಮೆ ಮಾಡುವ ಸಿಕ್ಸ್ ಸಿಗ್ಮಾ ವಿಧಾನವನ್ನು ಪ್ರಯೋಗಾಲಯಗಳಿಗೂ ತಂದರು. ಲಾಭ ಏರಿತು. ಅವರ ನಂತರ ಬಂದ ಜಾರ್ಜ್ ಬಕ್ಲಿ ಸಂಶೋಧಕರ ಮೇಲಿನ ಆ ಬಿಗಿಯನ್ನು ಸಡಿಲಿಸಬೇಕಾಯಿತು.

ಕಾನೂನು ಮತ್ತು ಪೇಟೆಂಟು

ಅರ್ಥಶಾಸ್ತ್ರಜ್ಞರು ಪ್ರಶ್ನಾವಳಿಗಳನ್ನು ನಂಬದೆ ಕಾನೂನು ಮತ್ತು ಪೇಟೆಂಟ್ ದಾಖಲೆಗಳ ಕಡೆ ಹೋದರು. ಜನರನ್ನು ತೆಗೆಯುವುದು ದುಬಾರಿಯಾದ ದೇಶಗಳು ಇರುವ ವಸ್ತುವನ್ನು ಸುಧಾರಿಸುವ ಹೊಸತನಕ್ಕೆ ಹೊರಳುತ್ತವೆ, ಪೂರ್ತಿ ಹೊಸ ವಸ್ತುವನ್ನು ಬೇರೆಯವರಿಗೆ ಬಿಡುತ್ತವೆ ಎಂದು ಗಿಲ್ ಸೇಂಟ್-ಪಾಲ್ 2002ರಲ್ಲಿ ತರ್ಕಿಸಿದರು. ಅದಕ್ಕೂ ಒಂದು ವರ್ಷ ಮೊದಲು ಹಾಲ್ ಮತ್ತು ಸೋಸ್ಕಿಸ್ ಜರ್ಮನಿ ಹಾಗೂ ಅಮೆರಿಕವನ್ನು ಎದುರುಬದುರು ಇಟ್ಟು ಇದೇ ಧಾಟಿಯ ವಾದ ಹೂಡಿದ್ದರು. ಕೆಲಸ ಭದ್ರವಾದ ಜರ್ಮನಿಯಲ್ಲಿ ಯಂತ್ರೋಪಕರಣಗಳ ನಿರಂತರ ಸುಧಾರಣೆ, ಸಡಿಲವಾದ ಅಮೆರಿಕದಲ್ಲಿ ಬುಡಮೇಲು ಬದಲಾವಣೆ. ಅಮೆರಿಕವೊಂದನ್ನು ಲೆಕ್ಕದಿಂದ ತೆಗೆದರೆ ಈ ವಿಂಗಡಣೆ ನಿಲ್ಲುವುದಿಲ್ಲ ಎಂದು ಮಾರ್ಕ್ ಟೇಲರ್ 2004ರಲ್ಲಿ ಪೇಟೆಂಟ್ ದಾಖಲೆಗಳನ್ನು ಮುಂದಿಟ್ಟು ತೋರಿಸಿದರು.

ಆಮೇಲೆ ಬಂದದ್ದು ವಿರಲ್ ಆಚಾರ್ಯ, ರಾಮಿನ್ ಬಘಾಯಿ ಮತ್ತು ಕೃಷ್ಣಮೂರ್ತಿ ಸುಬ್ರಮಣಿಯನ್ ಅವರ ಕೆಲಸ. ಈ ಮೂವರಲ್ಲಿ ಇಬ್ಬರನ್ನು ನಾವು ಬೇರೆ ಪಾತ್ರಗಳಲ್ಲಿ ಬಲ್ಲೆವು. ಒಬ್ಬರು ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದವರು, ಇನ್ನೊಬ್ಬರು ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದವರು. ಅಮೆರಿಕದ ಕೆಲವು ರಾಜ್ಯಗಳು ನೌಕರರನ್ನು ದುರುದ್ದೇಶದಿಂದ ತೆಗೆಯದಂತೆ ತಡೆ ತಂದಾಗ ಅಲ್ಲಿನ ಪೇಟೆಂಟುಗಳೂ ಅವುಗಳ ಗುಣಮಟ್ಟವೂ ಏರಿದವು ಎಂದು ಅವರು 2014ರಲ್ಲಿ ತೋರಿಸಿದರು. ಅವರ ವಿವರಣೆ ಸರಳವಾಗಿದೆ: ಯೋಚನೆ ಫಲಿಸಿದ ಮೇಲೆ ಕಂಪನಿ ನನ್ನನ್ನು ಹೊರಹಾಕಿ ಲಾಭವನ್ನೆಲ್ಲ ನುಂಗುವುದಿಲ್ಲ ಎಂಬ ಖಾತ್ರಿ ಇದ್ದರೆ ನಾನು ಮೈಮುರಿದು ದುಡಿಯುತ್ತೇನೆ. ಅದೇ ವರ್ಷ ಗ್ರಿಫಿತ್ ಮತ್ತು ಮೆಕಾರ್ಟ್ನಿ ಯುರೋಪಿನ ಬಹುರಾಷ್ಟ್ರೀಯ ಕಂಪನಿಗಳನ್ನು ನೋಡಿ, ಭದ್ರತೆ ಹೆಚ್ಚಿರುವ ದೇಶಗಳಲ್ಲಿ ಒಟ್ಟು ಹೊಸತನ ಹೆಚ್ಚು, ಬುಡಮೇಲು ಮಾಡುವಂಥದ್ದು ಭದ್ರತೆ ಕಡಿಮೆ ಇರುವಲ್ಲಿ ಹೆಚ್ಚು ಎಂದರು. ಎರಡೂ ಕಡೆಯವರಿಗೆ ಅರ್ಧರ್ಧ ಗೆಲುವು.

ಭಾರತದಲ್ಲಿ ಈ ಚರ್ಚೆ ನಡೆದದ್ದು ಬಹುಪಾಲು ಉತ್ಪಾದನೆಯ ಸುತ್ತ. ಕೈಗಾರಿಕಾ ವಿವಾದಗಳ ಕಾಯ್ದೆಗೆ 1976ರಲ್ಲಿ ಸೇರಿದ ಅಧ್ಯಾಯ 300 ಮತ್ತು ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳು ಜನರನ್ನು ತೆಗೆಯುವ ಮುಂಚೆ ಸರ್ಕಾರದ ಅನುಮತಿ ಪಡೆಯಬೇಕು ಎಂದಿತು. 1982ರ ತಿದ್ದುಪಡಿ ಆ ಮಿತಿಯನ್ನು 100ಕ್ಕೆ ಇಳಿಸಿತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತೆ 300ಕ್ಕೆ ಏರಿಸಿತು. ಕಾರ್ಮಿಕರ ಪರವಾದ ತಿದ್ದುಪಡಿ ತಂದ ರಾಜ್ಯಗಳಲ್ಲಿ ಕಾರ್ಖಾನೆ ಉತ್ಪಾದನೆ ಹಿಂದೆ ಬಿತ್ತು ಎಂದು ಬೆಸ್ಲಿ ಮತ್ತು ಬರ್ಗೆಸ್ 2004ರಲ್ಲಿ ಬರೆದರು. ಅವರು ರಾಜ್ಯಗಳನ್ನು ವರ್ಗೀಕರಿಸಿದ ರೀತಿಯೇ ತಪ್ಪು ಎಂದು ದಿಲ್ಲಿಯ ಆದಿತ್ಯ ಭಟ್ಟಾಚಾರ್ಜಿಯಾ ವಾದಿಸಿದರು. ಕಾರ್ಮಿಕನ ಯೋಚನೆಗೆ ಏನಾಯಿತು ಎಂಬ ಪ್ರಶ್ನೆಗೆ ಈ ಜಗಳದಲ್ಲಿ ಜಾಗ ಸಿಗಲಿಲ್ಲ.

ಎರಡೂ ಕೂಡಿದಾಗ

ಏಮಿ ಎಡ್ಮಂಡ್ಸನ್ ಅವರ ಆಸ್ಪತ್ರೆ ಅಧ್ಯಯನ 1996ರದ್ದು. ಒಳ್ಳೆಯ ಮುಖ್ಯಸ್ಥರಿರುವ ನರ್ಸ್‌ಗಳ ತಂಡಗಳಲ್ಲಿ ಔಷಧ ಕೊಡುವ ತಪ್ಪುಗಳು ಕಡಿಮೆ ಇರಬಹುದೆಂದು ಹೊರಟರೆ, ದಾಖಲಾದ ತಪ್ಪುಗಳು ಅಲ್ಲೇ ಹೆಚ್ಚು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ, ಅಷ್ಟೆ. ಇದರಿಂದ ಬೆಳೆದದ್ದು ‘ಮಾನಸಿಕ ಸುರಕ್ಷತೆ’ ಎಂಬ ಕಲ್ಪನೆ. ಇದನ್ನು ಓದುವಾಗ ನನಗೆ ನೆನಪಾಗುವುದು ಇಸ್ರೊದ 1979ರ ಆಗಸ್ಟ್ 10. ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಯೋಜನೆಯ ನಿರ್ದೇಶಕರಾಗಿದ್ದವರು ಅಬ್ದುಲ್ ಕಲಾಂ. ಪತ್ರಕರ್ತರೆದುರು ಕುಳಿತು ಸೋಲಿನ ಹೊಣೆ ಹೊತ್ತವರು ಇಸ್ರೊ ಅಧ್ಯಕ್ಷ, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. ಮರುವರ್ಷ ಜುಲೈ 18ರಂದು ರಾಕೆಟ್ ಗೆದ್ದಾಗ ಮಾತಾಡಲು ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಜೀವನವಿಡೀ ಹೇಳುತ್ತಿದ್ದರು, ನಾವು ಇದನ್ನು ನಾಯಕತ್ವದ ಕಥೆಯಾಗಿ ಕೇಳಿಸಿಕೊಂಡೆವು. ಅದರ ಹಿಂದೆ ಇನ್ನೊಂದು ಸಂಗತಿಯೂ ಇತ್ತು: ಆ ತಂಡದ ಎಂಜಿನಿಯರುಗಳು ಸರ್ಕಾರಿ ನೌಕರರು. ರಾಕೆಟ್ ಬಿದ್ದಿತೆಂದು ಅವರ ಮನೆಯ ಅನ್ನಕ್ಕೆ ಸಂಚಕಾರ ಬರುವಂತಿರಲಿಲ್ಲ. ಧವನ್ ಕೊಟ್ಟದ್ದು ತಪ್ಪಿಗೆ ರಕ್ಷಣೆ, ನೇಮಕಾತಿಯ ನಿಯಮ ಕೊಟ್ಟದ್ದು ಕೆಲಸಕ್ಕೆ ರಕ್ಷಣೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಆ ಹನ್ನೊಂದು ತಿಂಗಳು ಹೇಗೆ ಕಳೆಯುತ್ತಿದ್ದವು ಎಂದು ಯೋಚಿಸಬೇಕು.

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಇದನ್ನು ಇನ್ನೂ ಚೆನ್ನಾಗಿ ನೋಡಬಹುದು. ಜಗಳ, ಗೈರುಹಾಜರಿಗಳಿಗೆ ಕುಖ್ಯಾತವಾದ ಜನರಲ್ ಮೋಟರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜತೆಗೂಡಿ ನುಮ್ಮಿ ಎಂಬ ಹೆಸರಿನಲ್ಲಿ ತೆರೆಯಿತು. ಕಾರ್ಮಿಕರು ಬಹುತೇಕ ಹಳಬರೇ. ಹೊಸದಾಗಿ ಬಂದದ್ದು ಎರಡು: ಲೈನ್ ನಿಲ್ಲಿಸುವ ಅಧಿಕಾರವನ್ನೇ ಕಾರ್ಮಿಕನಿಗೆ ಕೊಟ್ಟ ಮೇಲ್ವಿಚಾರಣೆ, ಮತ್ತು ಬೇರೆ ದಾರಿಯೇ ಇಲ್ಲವಾಗದ ಹೊರತು ಜನರನ್ನು ತೆಗೆಯುವುದಿಲ್ಲ ಎಂದು ಯೂನಿಯನ್ ಜತೆ ಮಾಡಿಕೊಂಡ ಒಪ್ಪಂದ. 1988ರಲ್ಲಿ ಮಾರಾಟ ಕುಸಿದು ಕಾರ್ಖಾನೆ ಅರೆಬರೆ ನಡೆಯುತ್ತಿದ್ದಾಗಲೂ ಕಂಪನಿ ಮಾತು ಉಳಿಸಿಕೊಂಡಿತು, ಖಾಲಿ ಕುಳಿತವರನ್ನು ತರಬೇತಿಗೂ ಸುಧಾರಣೆಯ ಕೆಲಸಕ್ಕೂ ಹಚ್ಚಿತು. ಅಲ್ಲಿ ಅಧ್ಯಯನ ಮಾಡಿದ ಪಾಲ್ ಆಡ್ಲರ್ 1993ರಲ್ಲಿ ಬರೆದದ್ದನ್ನು ಓದಿದರೆ ಫ್ರೆಡರಿಕ್ ಟೇಲರ್‌ನ ಸ್ಟಾಪ್‌ವಾಚೂ ಅಲ್ಲಿ ಇತ್ತು ಎಂದು ತಿಳಿಯುತ್ತದೆ. ವ್ಯತ್ಯಾಸ ಇಷ್ಟೆ, ಅದನ್ನು ಹಿಡಿದು ಸಮಯ ಅಳೆಯುತ್ತಿದ್ದವರು ಕಾರ್ಮಿಕರೇ.

ಹಾಗಾದರೆ ಭದ್ರತೆ ಇದ್ದೂ ಹೊಸತನ ಬತ್ತಿದ ಕಡೆಗಳು? ಕನ್ನಡಿಗರಿಗೆ ಸರ್ಕಾರಿ ಒಡೆತನದ ಎಚ್‌ಎಂಟಿ ನೆನಪಾಗದೆ ಇರದು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಗಡಿಯಾರ ತಯಾರಿಕೆ ಒಂದು ತಲೆಮಾರಿನ ಮಣಿಕಟ್ಟನ್ನೇ ಆಳಿತು. 2016ರಲ್ಲಿ ಸರ್ಕಾರ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. 1984ರಲ್ಲಿ ಹುಟ್ಟಿದ ಟೈಟನ್ ಹೊಸೂರಿನಲ್ಲಿ, ಕೇವಲ 1.15 ಮಿ.ಮೀ. ದಪ್ಪದ ಯಂತ್ರವಿರುವ ಎಡ್ಜ್ ಗಡಿಯಾರವನ್ನು ತನ್ನ ಎಂಜಿನಿಯರುಗಳಿಂದಲೇ ಮಾಡಿಸಿ 2002ರಲ್ಲಿ ಹೊರತಂದಿತು. ಕಾಯಂ ನೌಕರಿಯೇ ಎಚ್‌ಎಂಟಿಯನ್ನು ಮುಳುಗಿಸಿತು ಎಂಬ ಮಾತು ಸುಲಭವಾಗಿ ಬರುತ್ತದೆ. ಟೈಟನ್ನಿನ ಕೌಶಲವೂ ಎಚ್‌ಎಂಟಿಯಿಂದ ಹೋದವರಿಂದ ಬಹಳಷ್ಟು ಪಡೆದದ್ದು ಎಂಬುದನ್ನು ಆ ಮಾತು ಮರೆಯುತ್ತದೆ. ಅದೇ ಕೈಗಳು, ಅದೇ ವಿದ್ಯೆ. ಒಂದು ಕಡೆ ನಿರ್ಧಾರ ಇಲಾಖೆಯ ಕಡತದಲ್ಲಿ, ಇನ್ನೊಂದು ಕಡೆ ಕಾರ್ಖಾನೆಯ ಪಕ್ಕದಲ್ಲಿ. ಕೆಲಸ ಭದ್ರವಾಗಿದ್ದು ಕೇಳುವವರಿಲ್ಲದಿದ್ದರೆ ಯೋಚನೆ ಸಾಯುತ್ತದೆ ಎಂಬುದಕ್ಕೆ ಎಚ್‌ಎಂಟಿ ಸಾಕ್ಷಿ. ಭದ್ರತೆ ಯೋಚನೆಯನ್ನು ಕೊಲ್ಲುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗದು.

ನಾಯಕನ ನಡೆಯನ್ನೂ ಕೆಲಸದ ಭದ್ರತೆಯನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವುದೇ ತಪ್ಪು ಎಂದು ನಾನು ಭಾವಿಸುತ್ತೇನೆ. ‘ಧೈರ್ಯವಾಗಿ ಹೇಳಿ’ ಎಂದು ಪ್ರತಿ ಮ್ಯಾನೇಜರೂ ಸಭೆಯಲ್ಲಿ ಹೇಳುತ್ತಾನೆ. ಆ ಮಾತನ್ನು ನಂಬಬಹುದೋ ಇಲ್ಲವೋ ಎಂದು ಕೇಳುವವನಿಗೆ ತಿಳಿಸುವುದು ಅವನ ನೇಮಕಾತಿ ಪತ್ರ. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಬೇಕಾದ ನಮ್ಮ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಪಾಠದ ಹೊಸ ಕ್ರಮವನ್ನು ಪ್ರಾಂಶುಪಾಲರ ಎದುರು ವಾದಿಸಿ ಗೆಲ್ಲಲಿ ಎಂದು ನಿರೀಕ್ಷಿಸುವುದು ಅನ್ಯಾಯ, ಆ ಪ್ರಾಂಶುಪಾಲರು ಎಷ್ಟೇ ಸಜ್ಜನರಾಗಿರಲಿ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಅಳತೆಯ ತೊಡಕು. ಬಹುಪಾಲು ಅಧ್ಯಯನಗಳಲ್ಲಿ ನೌಕರನೇ ತನ್ನ ನಾಯಕನನ್ನೂ ತನ್ನ ಹೊಸತನವನ್ನೂ ಒಂದೇ ಹಾಳೆಯಲ್ಲಿ ಅಂಕ ಹಾಕಿ ಹೇಳುತ್ತಾನೆ. ಖುಷಿಯಾಗಿರುವವನು ಎರಡಕ್ಕೂ ಹೆಚ್ಚು ಅಂಕ ಕೊಡುತ್ತಾನೆ. ಒಳ್ಳೆಯ ನಾಯಕನಿಂದ ಹೊಸತನ ಬಂತೋ, ಹೊಸತನ ತೋರಿದವನನ್ನು ನಾಯಕ ಚೆನ್ನಾಗಿ ನೋಡಿಕೊಂಡನೋ ಎಂಬುದೂ ಹಾಗೇ ಉಳಿಯುತ್ತದೆ. ಇನ್ನು ಪೇಟೆಂಟುಗಳನ್ನು ಎಣಿಸಿದರೆ, ಯಂತ್ರದ ಪಕ್ಕದಲ್ಲಿ ನಿಂತವನು ಕಂಡುಹಿಡಿದ ಚಿಕ್ಕ ಉಪಾಯ ಲೆಕ್ಕಕ್ಕೇ ಬರುವುದಿಲ್ಲ.

ಭದ್ರತೆ ಎಷ್ಟು ಬೇಕು, ಯಾವುದರ ಭದ್ರತೆ ಬೇಕು ಎಂಬುದೂ ತೀರ್ಮಾನವಾಗಿಲ್ಲ. ಶುರುವಿನ ಸೋಲನ್ನು ಸಹಿಸಿ, ದೂರದ ಗೆಲುವಿಗೆ ದೊಡ್ಡ ಬಹುಮಾನ ಕೊಡಬೇಕು ಎಂಬುದು 2011ರಲ್ಲಿ ಗುಸ್ತಾವೊ ಮಾನ್ಸೊ ಗಣಿತದಿಂದ ತಲುಪಿದ ಉತ್ತರ. ಎಷ್ಟು ದೂರ ಎಂಬುದು ರಾಕೆಟ್ಟಿಗೊಂದು, ಮೊಬೈಲ್ ಆ್ಯಪ್‌ಗೊಂದು. ಡೆನ್ಮಾರ್ಕ್ ಕೆಲಸವನ್ನು ಸಡಿಲಬಿಟ್ಟು ಬದುಕನ್ನು ಭದ್ರಗೊಳಿಸಿದೆ. ಕೆಲಸ ಹೋದರೆ ಎರಡು ವರ್ಷದ ತನಕ ನಿರುದ್ಯೋಗ ಭತ್ಯೆ. ಕೆಲಸದ ಜಾಗಕ್ಕೆ ಬದಲು ಅನ್ನಕ್ಕೆ ಖಾತ್ರಿ ಕೊಟ್ಟರೆ ಅದೇ ಧೈರ್ಯ ಬರುತ್ತದೆಯೇ? ಅಂಥ ಭತ್ಯೆಯ ಬಲ ಇಲ್ಲದ ನಮ್ಮಲ್ಲಿ ಇದನ್ನು ಪರೀಕ್ಷಿಸುವುದೂ ಕಷ್ಟ.

ಯಾರ ಭದ್ರತೆ ಎಂಬ ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತದೆ. 2022-23ರ ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಪ್ರಕಾರ ನಮ್ಮ ಕಾರ್ಖಾನೆ ಕಾರ್ಮಿಕರಲ್ಲಿ ಶೇ 40ರಷ್ಟು ಜನ ಗುತ್ತಿಗೆಯವರು. ಅವರ ಮಾಲೀಕ ಗುತ್ತಿಗೆದಾರ, ಮೇಲ್ವಿಚಾರಕ ಕಂಪನಿಯವನು. ಯೋಚನೆ ಹೊಳೆದರೆ ಯಾರಿಗೆ ಹೇಳಬೇಕು, ಬಹುಮಾನ ಯಾರ ಹೆಸರಿಗೆ? ಕಾಯಂ ನೌಕರರ ಮೇಲೆ ಕಟ್ಟಿದ ಸಿದ್ಧಾಂತಗಳು ಈ ಮಂದಿಗೆ ಅನ್ವಯಿಸುತ್ತವೆಯೇ ಎಂಬುದು ತೆರೆದೇ ಇದೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಪ್ರಶ್ನೆ ಇನ್ನೊಂದು ತಿರುವು ಪಡೆದಿದೆ. ತನ್ನ ದಿನದ ಕೆಲಸದಲ್ಲಿ ಯಾವ ಭಾಗವನ್ನು ಯಂತ್ರಕ್ಕೆ ಒಪ್ಪಿಸಬಹುದು ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಆ ಕೆಲಸ ಮಾಡುವವನೇ. ಕಂಪನಿಗಳಿಗೆ ಇಂದು ಬೇಕಾದ ಹೊಸತನವೂ ಅದೇ. ಅದನ್ನು ಹೇಳಿದವನ ಕುರ್ಚಿ ಉಳಿಯುತ್ತದೆಂಬ ಲಿಖಿತ ಖಾತ್ರಿ ಕೊಟ್ಟ ಕಡೆ ಮತ್ತು ಕೊಡದ ಕಡೆ ಏನೇನು ಹೊರಬರುತ್ತದೆ ಎಂದು ಹೋಲಿಸಿ ನೋಡಲು ಇನ್ನೂ ಕೆಲವು ವರ್ಷ ಬೇಕು.